ಬಳುಕುವ ಬಂದೂಕು, ನಡುಗದ ಕೈ

ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ವಾಲಿಬಾಲ್ ನೆಟ್, ಕ್ರಿಕೆಟ್ ಕಿಟ್, ಥ್ರೋಬಾಲ್ ಇರುವುದು ಎಲ್ಲರಿಗೂ ಗೊತ್ತು. ಅದೇ ಕೊಠಡಿಯ ಕಬ್ಬಿಣದ ಕಪಾಟಿನಲ್ಲಿ, ಬೀಗದೊಳಗೆ, ಒಂದು ಏರ್ ರೈಫಲ್ ಇದೆ ಎಂಬುದು ಈ ವರ್ಷ ಸೇರಿದ ಪ್ರಥಮ ಪಿಯುಸಿಯವರಲ್ಲಿ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬರು ಎರಡು ವರ್ಷದ ಹಿಂದೆ ಕಾಲೇಜಿಗೆ ಕೊಟ್ಟದ್ದು. ಕೀಲಿ ಪ್ರಾಂಶುಪಾಲರ ಹತ್ತಿರ ಇರುತ್ತದೆ. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ನಿವೃತ್ತ ಸೈನಿಕರೊಬ್ಬರು ಬಂದು ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ನಮಗೆ ಗುರಿ ಹಾಕುವುದನ್ನು ಕಲಿಸುತ್ತಾರೆ. ನಾವೆಲ್ಲ ಅವರನ್ನು ‘ಸುಬೇದಾರ್ ಸರ್’ ಎಂದೇ ಕರೆಯುತ್ತೇವೆ. ಈ ಲೇಖನ ಆ ರೈಫಲಿನ ಒಂದು ಪ್ಲಾಸ್ಟಿಕ್ ಭಾಗದ ಬಗ್ಗೆ, ಮತ್ತು ಆ ಭಾಗದ ದೆಸೆಯಿಂದ ಶೂಟಿಂಗನ್ನೇ ಬಿಟ್ಟುಬಿಡಲು ಹೊರಟಿದ್ದ ನನ್ನ ಗೆಳತಿಯ ಬಗ್ಗೆ.

ಮೊದಲು ಆಟದ ಬಗ್ಗೆ ಎರಡು ಮಾತು. ಏರ್ ರೈಫಲಿನಲ್ಲಿ ಮದ್ದು ಇರುವುದಿಲ್ಲ. ಒತ್ತಿ ತುಂಬಿದ ಗಾಳಿ 4.5 ಮಿಲಿಮೀಟರ್ ದಪ್ಪದ ಸಣ್ಣ ಸೀಸದ ಗುಂಡನ್ನು ತಳ್ಳುತ್ತದೆ. ಗುರಿ 10 ಮೀಟರ್ ದೂರದಲ್ಲಿರುತ್ತದೆ, ಅಂದರೆ ಎರಡು ತರಗತಿ ಕೋಣೆಗಳನ್ನು ಸೇರಿಸಿದಷ್ಟು ಉದ್ದ. ದೂರ ಕಡಿಮೆಯೇ, ಆದರೆ ಗುರಿ ಎಷ್ಟು ಸಣ್ಣದು ಗೊತ್ತೇ? ಅಂತರರಾಷ್ಟ್ರೀಯ ನಿಯಮದ ಕಾಗದದಲ್ಲಿ 10 ಅಂಕದ ಚುಕ್ಕೆಯ ವ್ಯಾಸ ಬರೀ 0.5 ಮಿಲಿಮೀಟರ್. ಪೆನ್ನಿನ ತುದಿಯಿಂದ ಒಮ್ಮೆ ಮುಟ್ಟಿದಷ್ಟು. 9 ಅಂಕದ ವೃತ್ತದ ವ್ಯಾಸ 5.5 ಮಿ.ಮೀ. ಹೀಗೆ ಒಂದೊಂದು ವೃತ್ತಕ್ಕೂ ನಡುವಿನ ಅಂತರ 2.5 ಮಿ.ಮೀ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನದ ಪದಕ ತಂದದ್ದು ಇದೇ ಆಟದಲ್ಲಿ. 2012ರಲ್ಲಿ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದೂ ಇದರಲ್ಲೇ.

ಇನ್ನು ಬಂದೂಕಿನ ಅಂಗಗಳು. ಗುಂಡು ಹೊರಬರುವ ಕಬ್ಬಿಣದ ಕೊಳವೆ ನಳಿಕೆ. ನಮ್ಮ ರೈಫಲಿನಲ್ಲಿ ನಳಿಕೆಯ ಕೆಳಗೆ ಗಾಳಿ ತುಂಬುವ ಇನ್ನೊಂದು ಕೊಳವೆ ಇದೆ; ಮುಂದಿನ ತುದಿಯ ಹತ್ತಿರ ಎರಡನ್ನೂ ಒಂದು ಪಟ್ಟಿ ಜೋಡಿಸಿ ಹಿಡಿದಿದೆ. ಇವನ್ನೆಲ್ಲ ಹೊತ್ತು ಕೂತಿರುವ, ಹಿಂದೆ ಭುಜಕ್ಕೆ ಒರಗುವ, ಮುಂದೆ ಎಡಗೈಗೆ ಸಿಗುವ ಭಾಗವನ್ನು ಸ್ಟಾಕ್ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಇದು ಮರದ್ದು. ಒಳ್ಳೆಯ ಬಂದೂಕುಗಳಿಗೆ ಅಕ್ರೋಟ್ ಮರವನ್ನು ಬಳಸುತ್ತಿದ್ದರು. ಮರ ಗಟ್ಟಿ ನಿಜ, ಆದರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ನಮ್ಮ ಮನೆಯ ತಲಬಾಗಿಲು ಶ್ರಾವಣದಲ್ಲಿ ಬಿಗಿಯಾಗಿ ಮಾರ್ಚಿನಲ್ಲಿ ಸಡಿಲಾಗುವ ಹಾಗೆ. ಅದಕ್ಕೇ ಪ್ಲಾಸ್ಟಿಕ್ ಬಂತು. 1959ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ‘ನೈಲಾನ್ 66’ ಎಂಬ ರೈಫಲನ್ನು ಮಾರುಕಟ್ಟೆಗೆ ತಂದಿತು. ಅದರ ಸ್ಟಾಕ್ ಪೂರ್ತಿ ನೈಲಾನಿನದು. ಈಗ ಪ್ಲಾಸ್ಟಿಕ್ ಸ್ಟಾಕ್ ಎಲ್ಲ ಕಡೆ ಸಾಮಾನ್ಯ. ಗೆದ್ದಲು ಹಿಡಿಯದು, ಉಬ್ಬದು, ಹಗುರ, ಅಗ್ಗ. ಅಗ್ಗದವುಗಳಲ್ಲಿ ಒಂದು ದೋಷವೂ ಇರುತ್ತದೆ: ಹೊರಗಿನಿಂದ ದಪ್ಪ ಕಂಡರೂ ಒಳಗೆ ಟೊಳ್ಳು, ಆದ್ದರಿಂದ ಬಳುಕುತ್ತವೆ.

ನಮ್ಮದೂ ಅಂಥದ್ದೇ ಎಂಬುದು ಕಳೆದ ಚಳಿಗಾಲದ ತನಕ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಗ ಅಂತರ ಕಾಲೇಜು ಸ್ಪರ್ಧೆಗೆ ನಾಲ್ವರನ್ನು ಆರಿಸಬೇಕಿತ್ತು. ಸುಬೇದಾರ್ ಸರ್ ಹಾಕಿದ ನಿಯಮ ಸರಳ. ಮುಂಭಾಗವನ್ನು ಮರಳಿನ ಚೀಲದ ಮೇಲಿಟ್ಟು, ಮೇಜಿಗೆ ಕೂತು 20 ಗುಂಡು. ಆಮೇಲೆ ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ 20 ಗುಂಡು. ಎರಡರ ಅಂಕ ಕೂಡಿಸಿ ಮೊದಲ ನಾಲ್ವರು. ನಾವು ಒಂಬತ್ತು ಮಂದಿ ಇದ್ದೆವು. ಚೀಲದ ಮೇಲಿನ ಗುಂಡುಗಳಲ್ಲಿ ಎಲ್ಲರಿಗೂ ಹೆಚ್ಚು ಅಂಕ ಬಂತು, ನಿಂತು ಹಾಕಿದಾಗ ಇಳಿಯಿತು. ಅದು ಸಹಜ. ಒಬ್ಬಳದು ಮಾತ್ರ ತಿರುಗುಮುರುಗು. ನನ್ನ ಗೆಳತಿ ನಿಂತು ಹಾಕಿದಾಗ ನಮ್ಮೆಲ್ಲರಿಗಿಂತ ಮುಂದೆ. ಚೀಲದ ಮೇಲಿಟ್ಟಾಗ ಎಲ್ಲರಿಗಿಂತ ಹಿಂದೆ. ಕೂಡಿಸಿದರೆ ಏಳನೆಯ ಸ್ಥಾನ. ನಾನು ನಾಲ್ಕನೆಯವಳು.

ನಿಂತು ಹಾಕಿದ ಅಂಕವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. “ಅದು ನಸೀಬು. ಆಸರ ಕೊಟ್ರೂ ಕೈ ನಿಲ್ಲೂದಿಲ್ಲ ಅಂದ್ರ ಕೈ ನಡಗತೈತಿ ಅಂತ ಅರ್ಥ” ಎಂದು ಹುಡುಗರು ಮಾತಾಡಿಕೊಂಡರು. ಒಂದು ಸಲ ಅಂಥ ಮಾತು ಹುಟ್ಟಿದರೆ ಕಾಲೇಜಿನಲ್ಲಿ ಅದಕ್ಕೆ ಕಾಲು ಬರುತ್ತದೆ. ವಾರದೊಳಗೆ ಅವಳ ಮನೆಗೂ ತಲುಪಿತು. ಅವಳ ಮನೆಯಲ್ಲಿ ಮೊದಲೇ, ಹುಡುಗಿಗೆ ಬಂದೂಕು ಯಾಕೆ, ಆ ಹೊತ್ತಿನಲ್ಲಿ ನೀಟ್ ಪರೀಕ್ಷೆಗೆ ಓದಬಾರದೇ ಎಂಬ ಮಾತಿತ್ತು. ಅದಕ್ಕೆ ಇನ್ನೊಂದು ಕಾರಣ ಸಿಕ್ಕಂತಾಯಿತು. ಒಂದು ದಿನ ನನ್ನ ಹತ್ತಿರ ಬಂದು ಎರಡೂ ಕೈ ಚಾಚಿ ಬೆರಳು ಬಿಡಿಸಿದಳು.

“ನೋಡಲೇ. ನಡಗತಾವೇನು?”

ನಡುಗುತ್ತಿರಲಿಲ್ಲ.

“ಮತ್ತ ನಾ ಏನ್ ಮಾಡ್ಲಿ? ಬರೂ ಶನಿವಾರದಿಂದ ಬರೂದಿಲ್ಲಂತ ಸರ್‌ಗೆ ಹೇಳಿಬಿಡು.”

ನಾನು ಹೇಳಲಿಲ್ಲ. ಅದರ ಬದಲು ಅವಳ ಗುರಿಕಾಗದಗಳನ್ನು ಕೇಳಿ ತೆಗೆದುಕೊಂಡೆ. ಸುಬೇದಾರ್ ಸರ್ ಎಲ್ಲರ ಕಾಗದಗಳನ್ನೂ ದಾರ ಕಟ್ಟಿ ಇಟ್ಟಿರುತ್ತಾರೆ. ಚೀಲದ ಮೇಲಿನ ಕಾಗದವನ್ನು ಬೆಳಕಿಗೆ ಹಿಡಿದಾಗ ಒಂದು ಸಂಗತಿ ಕಂಡಿತು. ತೂತುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಒಂದರ ಮೇಲೊಂದು, ಕಂಬದ ಹಾಗೆ, ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಂತಿದ್ದವು. ಸ್ಕೇಲು ಇಟ್ಟು ಅಳೆದೆ: ಎತ್ತರ 28 ಮಿ.ಮೀ., ಅಗಲ 9 ಮಿ.ಮೀ. ಕೈ ನಡುಗಿದರೆ ಬರೀ ಮೇಲೆ ಕೆಳಗೆ ಯಾಕೆ ನಡುಗಬೇಕು? ಎಡಕ್ಕೆ ಬಲಕ್ಕೂ ಚೆಲ್ಲಬೇಕಲ್ಲವೇ? ಅವಳು ನಿಂತು ಹಾಕಿದ ಕಾಗದದಲ್ಲಿ ತೂತುಗಳು ಗುಂಡಗೆ ಗುಂಪಾಗಿದ್ದವು. ಆ ಕಂಬಕ್ಕೆ ಬೇರೆ ಕಾರಣ ಇರಲೇಬೇಕು ಅನ್ನಿಸಿತು.

ಭೌತಶಾಸ್ತ್ರದ ಸರ್ ಹತ್ತಿರ ಎರಡೂ ಕಾಗದ ಒಯ್ದೆ. ಅವರು ಬಂದೂಕು ಹಿಡಿದವರಲ್ಲ. ಆದರೂ ಕೇಳಿದ ಮೊದಲ ಪ್ರಶ್ನೆಯೇ ಸರಿಯಾದದ್ದು: “ನಿಂತಾಗ ಏನು ಇಲ್ಲ, ಚೀಲದ ಮ್ಯಾಲ ಇಟ್ಟಾಗ ಏನು ಐತಿ?” ಉತ್ತರ ಪ್ರಶ್ನೆಯಲ್ಲೇ ಇತ್ತು. ಚೀಲ. ನಿಂತಾಗ ಎಡಗೈ ಸ್ಟಾಕನ್ನು ಹಿಡಿಯುವುದು ಹಿಂದೆ, ಟ್ರಿಗರಿನ ಸಮೀಪ. ಚೀಲದ ಮೇಲೆ ಇಡುವುದು ಮುಂದಿನ ಭಾಗವನ್ನು. ಗೆಳತಿ ಎತ್ತರದ ಹುಡುಗಿ, ಕೈ ಉದ್ದ. ಚೀಲವನ್ನು ನಮ್ಮೆಲ್ಲರಿಗಿಂತ ಮುಂದೆ, ಸ್ಟಾಕಿನ ತುದಿಗೇ ಇಟ್ಟುಕೊಳ್ಳುತ್ತಾಳೆ. ಮೈಭಾರ ಹಾಕಿ ಒತ್ತುತ್ತಾಳೆ ಕೂಡ. ನಾವು ಗಿಡ್ಡ ಕೈಯವರು ಚೀಲವನ್ನು ಹಿಂದಕ್ಕೆ ಇಟ್ಟುಕೊಂಡಿದ್ದರಿಂದ ನಮಗೆ ಆ ತೊಂದರೆ ತಟ್ಟಿರಲಿಲ್ಲ.

ಆ ಶನಿವಾರ ಸುಬೇದಾರ್ ಸರ್ ಎದುರಿಗೇ ಪರೀಕ್ಷೆ ಮಾಡಿದೆವು. ರೈಫಲ್ ಖಾಲಿ ಇದೆಯೆಂದು ಅವರು ಎರಡು ಸಲ ನೋಡಿ ಕೊಟ್ಟರು. ಒಂದು ಹಳೆಯ ಪೋಸ್ಟ್ ಕಾರ್ಡಿನಿಂದ ಸಣ್ಣ ಪಟ್ಟಿ ಕತ್ತರಿಸಿ, ಗಾಳಿಯ ಕೊಳವೆಗೂ ಸ್ಟಾಕಿಗೂ ನಡುವೆ ಇರುವ ಸಂದಿಗೆ ತೂರಿಸಿದೆವು. ಸಲೀಸಾಗಿ ಹಿಂದೆ ಮುಂದೆ ಸರಿಯಿತು. ಈಗ ಸ್ಟಾಕಿನ ತುದಿಯನ್ನು ಚೀಲದ ಮೇಲಿಟ್ಟು, ಗೆಳತಿಯನ್ನು ಎಂದಿನ ಹಾಗೆ ಕೂರಿಸಿ ಒತ್ತಲು ಹೇಳಿದೆವು. ಪಟ್ಟಿ ಸಿಕ್ಕಿಹಾಕಿಕೊಂಡಿತು. ಎಳೆದರೂ ಬರಲಿಲ್ಲ. ಬಳುಕಿದ ಪ್ಲಾಸ್ಟಿಕ್ ಮೇಲೆದ್ದು ಕೊಳವೆಯನ್ನು ಒತ್ತುತ್ತಿತ್ತು. ಕೊಳವೆ ಪಟ್ಟಿಯ ಮೂಲಕ ನಳಿಕೆಯನ್ನು ಮೇಲಕ್ಕೆ ತಳ್ಳುತ್ತಿತ್ತು. ಗುರಿ ನೋಡಲು ಕಲಿಯುವವರಿಗೆಂದು ಹಾಕಿರುವ ಸಣ್ಣ ದುರ್ಬೀನು ಕೂತಿರುವುದು ರೈಫಲಿನ ಹಿಂದಿನ ಗಟ್ಟಿ ಭಾಗದ ಮೇಲೆ. ಹಾಗಾಗಿ ನಳಿಕೆ ಬಾಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಅವಳು ಸರಿಯಾಗಿಯೇ ಗುರಿ ನೋಡುತ್ತಿದ್ದಳು, ಗುಂಡು ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಒತ್ತಿದಷ್ಟೂ ಮೇಲೆ.

ಎಷ್ಟು ಬಾಗಿದರೆ ಎಷ್ಟು ಕೆಡುತ್ತದೆ ಎಂದು ಲೆಕ್ಕ ಹಾಕಿದೆವು. ನಳಿಕೆಯ ಉದ್ದ ಸುಮಾರು 40 ಸೆಂ.ಮೀ., ಗುರಿ 10 ಮೀಟರ್ ದೂರ, ಅಂದರೆ 25 ಪಟ್ಟು. ನಳಿಕೆಯ ಬಾಯಿ ಬರೀ 0.1 ಮಿ.ಮೀ. ಮೇಲೆದ್ದರೆ ಗುರಿಯಲ್ಲಿ ಸುಮಾರು 2.5 ಮಿ.ಮೀ. ಹತ್ತು ಅಂಕದ ಗುಂಡು ಒಂಬತ್ತಾಗಲು ಅಷ್ಟು ಸಾಕು. 0.1 ಮಿ.ಮೀ. ಎಂದರೆ ನೀವು ಈಗ ಓದುತ್ತಿರುವ ಕಾಗದದ ದಪ್ಪ.

ಸುಬೇದಾರ್ ಸರ್ ಆ ಪಟ್ಟಿಯನ್ನು ತಾವೇ ಎರಡು ಸಲ ಎಳೆದು ನೋಡಿದರು. “ನಾನು ಕಲಿತದ್ದು ಮರದ ಬಂದೂಕಿನ ಮೇಲೆ. ಅದರ ಮೇಲೆ ನಿಂತರೂ ಬಾಗುತ್ತಿರಲಿಲ್ಲ” ಎಂದರು. ಆಮೇಲೆ, “ಇದನ್ನ ಸರಿ ಮಾಡಿರಿ. ಸರಿ ಆದ ಮೇಲೆ ಎಲ್ಲರೂ ಮತ್ತೊಮ್ಮೆ ಗುರಿ ಹಾಕೋಣ. ಹಳೆ ಪಟ್ಟಿ ರದ್ದು” ಎಂದರು.

ಹಳೆ ಪಟ್ಟಿ ರದ್ದು ಎಂದರೆ ನನ್ನ ನಾಲ್ಕನೆಯ ಸ್ಥಾನವೂ ರದ್ದು. ಅದು ನನಗೆ ಆ ಮಾತು ಕೇಳುವ ಮೊದಲೇ ಗೊತ್ತಿತ್ತು. ಗುರಿಕಾಗದ ಬೆಳಕಿಗೆ ಹಿಡಿದ ರಾತ್ರಿಯೇ ಗೊತ್ತಿತ್ತು. ಆ ರಾತ್ರಿ ಅಬ್ಬಾ ಅಂಗಡಿ ಮುಚ್ಚಿ ಬಂದು ಊಟಕ್ಕೆ ಕೂತಾಗ ಎಲ್ಲ ಹೇಳಿದ್ದೆ. ನಮ್ಮದು ಕಿರಾಣಿ ಅಂಗಡಿ. ಅಬ್ಬಾ ಹೆಚ್ಚು ಮಾತಿನವರಲ್ಲ. ರೊಟ್ಟಿ ಮುರಿಯುತ್ತ, “ನಮ್ಮ ತಕ್ಕಡಿಗೆ ಸರ್ಕಾರದವರು ಬಂದು ಯಾಕ ಮುದ್ರಿ ಹಾಕತಾರ, ಬೇಟಾ?” ಎಂದು ಕೇಳಿದರು. “ತೂಕ ಸರಿ ಐತಿ ಅಂತ” ಅಂದೆ. “ತಕ್ಕಡಿ ತಪ್ಪಿತ್ತು ಅಂದ್ರ ಗಿರಾಕಿಗಿ ಅಷ್ಟ ಅಲ್ಲ, ಹಿಂದ ಎಷ್ಟು ತೂಗಿದ್ವಿ ಅವೆಲ್ಲಾ ತಪ್ಪ. ನಿನಗ ಜಾಸ್ತಿ ತೂಗಿದ್ದೂ ತಪ್ಪ” ಎಂದರು. ಅಷ್ಟೇ. ಮರುದಿನ ಬೆಳಿಗ್ಗೆ ನಾನು ಭೌತಶಾಸ್ತ್ರದ ಸರ್ ಹತ್ತಿರ ಹೋದದ್ದು.

ಸರಿ ಮಾಡುವುದು ಹೇಗೆ? ಇಲ್ಲಿಂದ ಮುಂದೆ ವಿಜ್ಞಾನ ವಿಭಾಗದವರು ಸ್ವಲ್ಪ ಗಮನ ಕೊಡಿ, ಪರೀಕ್ಷೆಗೂ ಉಪಯೋಗವಾದೀತು.

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ‘ಘನವಸ್ತುಗಳ ಯಾಂತ್ರಿಕ ಗುಣಗಳು’ ಎಂಬ ಅಧ್ಯಾಯವಿದೆ. ಎರಡು ತುದಿಗೆ ಆಸರೆ ಕೊಟ್ಟ ತೊಲೆಯ ನಡುವೆ ಭಾರ ಇಟ್ಟರೆ ಎಷ್ಟು ಜಗ್ಗುತ್ತದೆ ಎಂಬ ಸೂತ್ರ ಅದರಲ್ಲಿ ಬರುತ್ತದೆ. ಜಗ್ಗುವಿಕೆ ಉದ್ದದ ಘನಕ್ಕೆ ನೇರ ಅನುಪಾತ. ಅಗಲಕ್ಕೆ, ದಪ್ಪದ ಘನಕ್ಕೆ ಮತ್ತು ಯಂಗ್ ಗುಣಾಂಕಕ್ಕೆ ವಿಲೋಮ ಅನುಪಾತ. ಒಂದು ತುದಿಯಲ್ಲಿ ಮಾತ್ರ ಬಿಗಿದ ತೊಲೆಗೂ ಅನುಪಾತ ಇದೇ, ಎದುರಿನ ಸಂಖ್ಯೆ ಮಾತ್ರ ಬೇರೆ. ನಮ್ಮ ಸ್ಟಾಕಿನ ಮುಂಭಾಗ ಇಂಥದ್ದೇ ಒಂದು ತುದಿ ಬಿಗಿದ ತೊಲೆ.

ದಪ್ಪದ ಘನ ಎಂಬ ಮಾತನ್ನು ನಂಬದವರು ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಳ್ಳಿ. ಅಗಲ 30 ಮಿ.ಮೀ., ದಪ್ಪ 2 ಮಿ.ಮೀ. ಇದೆ ಅನ್ನಿ. ಮಲಗಿಸಿ ಬಗ್ಗಿಸಿದರೆ ಬಿಲ್ಲಿನ ಹಾಗೆ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಲು ನೋಡಿ, ಆಗುವುದಿಲ್ಲ. ಲೆಕ್ಕ ಹಾಕಿದರೆ ವ್ಯತ್ಯಾಸ 225 ಪಟ್ಟು. ವಸ್ತು ಅದೇ, ತೂಕ ಅದೇ, ನಿಲ್ಲಿಸಿದ ರೀತಿ ಬೇರೆ. ಇನ್ನೊಂದು ಪ್ರಯೋಗ ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿಯದು. ಮುಚ್ಚಳ ತೆಗೆದು ಎರಡೂ ತುದಿ ಹಿಡಿದು ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳ ಹಾಕಿ ಸುತ್ತ ಟೇಪ್ ಅಂಟಿಸಿ ತಿರುಚಿ ನೋಡಿ; ಜಗ್ಗುವುದಿಲ್ಲ. ನಮ್ಮ ಸ್ಟಾಕಿನ ಮುಂಭಾಗ ಮುಚ್ಚಳ ಇಲ್ಲದ ಡಬ್ಬಿ. ಮೇಲೆ ತೆರೆದ ದೋಣಿಯ ಆಕಾರ, ತೆಳು ಗೋಡೆ, ಒಳಗೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಅಡ್ಡಗೋಡೆಗಳು.

ಇನ್ನು ವಸ್ತು. ಅದೇ ಅಧ್ಯಾಯದ ಪಟ್ಟಿಯಲ್ಲಿ ಯಂಗ್ ಗುಣಾಂಕಗಳಿವೆ, ಗಿಗಾಪಾಸ್ಕಲ್ ಲೆಕ್ಕದಲ್ಲಿ: ಉಕ್ಕು 200, ಅಲ್ಯುಮಿನಿಯಂ 70, ಮರ 13, ಪಾಲಿಸ್ಟೈರೀನ್ 3. ನಮ್ಮ ಸ್ಟಾಕಿನದು ಪಾಲಿಸ್ಟೈರೀನ್ ಅಲ್ಲದಿದ್ದರೂ ಏನೂ ಬೆರೆಸದ ಸಾಮಾನ್ಯ ಪ್ಲಾಸ್ಟಿಕ್‌ಗಳೆಲ್ಲ ಆ ಅಂಕೆಯ ಆಸುಪಾಸಿನಲ್ಲೇ ಇರುತ್ತವೆ. ಸುಬೇದಾರ್ ಸರ್ ಹೇಳಿದ ಮರದ ಬಂದೂಕು ಯಾಕೆ ಬಾಗುತ್ತಿರಲಿಲ್ಲ ಎಂಬುದು ಈಗ ಗೊತ್ತಾಯಿತಲ್ಲ. ಮರ ನಾಲ್ಕು ಪಟ್ಟು ಬಿಗಿ, ಜೊತೆಗೆ ಒಳಗೆ ಟೊಳ್ಳಿಲ್ಲ.

ಸರಿ ಮಾಡುವ ಮುಂಚೆ ಎಷ್ಟು ಬಳುಕುತ್ತದೆ ಎಂದು ಅಳೆದಿಟ್ಟುಕೊಂಡೆವು. ಅಳತೆ ಇಲ್ಲದೆ ಸುಧಾರಿಸಿತು ಎಂದರೆ ಅದು ಬರೀ ಮಾತು. ಪ್ರಯೋಗಾಲಯದ ಮೇಜಿಗೆ ಬಿಚ್ಚಿದ ಸ್ಟಾಕನ್ನು ಬಿಗಿದು, ತುದಿಗೆ 2 ಕೆ.ಜಿ. ತೂಕ ನೇತುಹಾಕಿದೆವು. ತುದಿ 3.4 ಮಿ.ಮೀ. ಜಗ್ಗಿತು. ಕೊಳವೆಗೂ ಸ್ಟಾಕಿಗೂ ನಡುವೆ ಇದ್ದ ಸಂದಿ 1.5 ಮಿ.ಮೀ. ಅಂದರೆ 1 ಕೆ.ಜಿ. ಒತ್ತಡಕ್ಕೇ ಸಂದಿ ಮುಚ್ಚಿಹೋಗುತ್ತದೆ.

ಕೆಲಸ ಮಾಡಿಕೊಟ್ಟದ್ದು ನಮ್ಮ ಚಾಚಾ. ಅವರದು ಫೈಬರ್ ಕೆಲಸ. ಒಡೆದ ನೀರಿನ ಟ್ಯಾಂಕು, ಟ್ರ್ಯಾಕ್ಟರಿನ ಬಾನೆಟ್ಟು, ಆಟೋದ ಮುಂಭಾಗ ಎಲ್ಲಕ್ಕೂ ಗಾಜಿನ ಎಳೆಯ ಬಟ್ಟೆ ಹಚ್ಚಿ ರೆಸಿನ್ ಬಳಿದು ಸರಿ ಮಾಡುತ್ತಾರೆ. ಸ್ಟಾಕನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದಕ್ಕ ಏನೂ ಹತ್ತೂದಿಲ್ಲ ಬೇಟಾ, ಜಾರು ಪ್ಲಾಸ್ಟಿಕ್” ಎಂದರು. ನೈಲಾನ್, ಪಾಲಿಪ್ರೊಪಿಲೀನ್ ಥರದ ಪ್ಲಾಸ್ಟಿಕ್‌ಗಳಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಒಣಗಿದ ಮೇಲೆ ಇಡೀ ಗಟ್ಟಿಯೇ ಎದ್ದು ಬರುತ್ತದೆ. ಅದಕ್ಕೆ ಅವರಿಗೆ ಗೊತ್ತಿದ್ದ ಉಪಾಯ, ಅಂಟನ್ನು ನಂಬದೆ ಬೀಗ ಹಾಕುವುದು. ಒಳಗಿನ ಅಡ್ಡಗೋಡೆಗಳಿಗೆಲ್ಲ ಡ್ರಿಲ್‌ನಿಂದ ತೂತು ಕೊರೆದರು. ಹೊಯ್ದ ಅಂಟು ಆ ತೂತುಗಳ ಮೂಲಕ ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ಹರಿದು ಗಟ್ಟಿಯಾದರೆ, ಅಂಟದಿದ್ದರೂ ಕಿತ್ತು ಬರುವಂತಿಲ್ಲ. ಜೊತೆಗೆ ಒಳಮೈಯನ್ನು ದಪ್ಪ ಪಾಲಿಶ್ ಕಾಗದದಿಂದ ಗೀರಿ ಒರಟು ಮಾಡಿ, ಸ್ಪಿರಿಟ್‌ನಿಂದ ಒರೆಸಿದರು.

ಆಮೇಲೆ ಎಲುಬು. ಕಿಟಕಿ ಮಾಡುವ ಅಂಗಡಿಯಲ್ಲಿ ಕತ್ತರಿಸಿ ಉಳಿದ 12 ಮಿ.ಮೀ. ಅಲ್ಯುಮಿನಿಯಂ ಚೌಕದ ಪೈಪು ತಂದೆವು. 30 ಸೆಂ.ಮೀ. ಉದ್ದದ ಎರಡು ತುಂಡು. ಅಡ್ಡಗೋಡೆಗಳಲ್ಲಿ ಗಾಡಿ ಮಾಡಿ ಎರಡನ್ನೂ ಅಕ್ಕಪಕ್ಕ ಮಲಗಿಸಿದೆವು. ಇಲ್ಲಿ ಒಂದು ಮುಖ್ಯ ಸಂಗತಿ: ಎಲುಬು ಬರೀ ತುದಿಯಲ್ಲಿದ್ದರೆ ಪ್ರಯೋಜನವಿಲ್ಲ. ಒಂದು ತುದಿ ಬಿಗಿದ ತೊಲೆಯ ಮೇಲೆ ಹೆಚ್ಚು ಒತ್ತಡ ಬೀಳುವುದು ಬಿಗಿದ ಕಡೆಗೆ. ಆದ್ದರಿಂದ ಪೈಪು ಹಿಂದಕ್ಕೆ, ಸ್ಟಾಕಿನ ಗಟ್ಟಿ ಭಾಗದ ಒಳತನಕ ಹೋಗಬೇಕು. ಮಾಳಿಗೆ ಮನೆಯ ತೊಲೆ ಗೋಡೆಯ ಒಳಗೆ ಮೊಳದುದ್ದ ಕೂತಿರುವ ಹಾಗೆ.

ಸ್ಕ್ರೂ ಬರುವ ತೂತಿಗೆ ಅಂಟು ಇಳಿಯದಂತೆ ಜೇಡಿಮಣ್ಣು ತುಂಬಿದೆವು. ಅಂಟಿಗೆ ಎಪಾಕ್ಸಿ ರೆಸಿನ್ನನ್ನೇ ಆರಿಸಿದರು ಚಾಚಾ; ಟ್ಯಾಂಕಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗವಾದರೂ ಹಿಡಿತ ಕಡಿಮೆ. ಅದಕ್ಕೆ ಕತ್ತರಿಸಿದ ಗಾಜಿನ ಎಳೆ ಬೆರೆಸಿದರು. ಒಂದೇ ಸಲಕ್ಕೆ ಹೊಯ್ಯಲಿಲ್ಲ. ರೆಸಿನ್ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ, ಇದು ನಮ್ಮ ರಸಾಯನಶಾಸ್ತ್ರದ ಬಹಿರುಷ್ಣಕ ಕ್ರಿಯೆ. ಕಲಸಿ ಉಳಿದದ್ದು ಡಬ್ಬಿಯಲ್ಲಿ ಕೈ ಸುಡುವಷ್ಟು ಬಿಸಿಯಾದದ್ದನ್ನು ನಾನೇ ಮುಟ್ಟಿ ನೋಡಿದೆ. ದಪ್ಪಗೆ ಹೊಯ್ದರೆ ಪ್ಲಾಸ್ಟಿಕ್ಕೇ ಸೊಟ್ಟಗಾದೀತು. ಹಾಗಾಗಿ ಎರಡು ಸಲ, ಬೆಳಗಿನ ತಂಪಿನಲ್ಲಿ. ಕೈಗೆ ಕೈಚೀಲ, ಮೂಗಿಗೆ ಬಟ್ಟೆ, ಗಾಜಿನ ಎಳೆ ಕಣ್ಣಿಗೆ ಹಾರದಂತೆ ಕನ್ನಡಕ. ಇದನ್ನು ಯಾರಾದರೂ ಮನೆಯಲ್ಲಿ ಮಾಡುವುದಾದರೆ ತಿಳಿದವರನ್ನು ಜೊತೆಗಿಟ್ಟುಕೊಂಡೇ ಮಾಡಿ.

ಚಾಚಾ ಎಳೆ ಬೆರೆಸಿ ಕಲಸುವಾಗ ನನಗೆ ಕಿನ್ನಾಳ ನೆನಪಾಯಿತು. ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಆ ಊರಿನ ಬಣ್ಣದ ಗೊಂಬೆಗಳನ್ನು ನೀವೆಲ್ಲ ನೋಡಿರುತ್ತೀರಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲೆ ಅದು. ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದಕ್ಕೆ ಕಿಟ್ಟ ಎನ್ನುತ್ತಾರೆ. ತುಂಡುಗಳನ್ನು ಜೋಡಿಸುವುದು ಅದರಿಂದಲೇ. ಆಮೇಲೆ ಮೈಮೇಲೆಲ್ಲ ಅಂಟು ಸವರಿ ಹತ್ತಿಯ ತುಣುಕು ಹಚ್ಚುತ್ತಾರೆ, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಬರೀ ಅಂಟು ಒಣಗಿದರೆ ಬಿರಿಯುತ್ತದೆ, ಬರೀ ನಾರು ಬಾಗುತ್ತದೆ. ಎರಡೂ ಸೇರಿದರೆ ನಾರು ಜಗ್ಗಾಟವನ್ನು ತಡೆಯುತ್ತದೆ, ಅಂಟು ನಾರನ್ನು ಜಾಗ ಬಿಟ್ಟು ಕದಲದಂತೆ ಹಿಡಿಯುತ್ತದೆ. ನಾನಿಯ ಊರಲ್ಲಿ ಗೋಡೆಗೆ ಮಣ್ಣು ಕಲಸುವಾಗ ಹುಲ್ಲು ಹಾಕಿ ತುಳಿಯುವುದೂ ಇದಕ್ಕೇ. ವಿಮಾನದ ರೆಕ್ಕೆಗೆ ಕಾರ್ಬನ್ ನಾರು ಹಾಕುವವರೂ ಇದನ್ನೇ ಮಾಡುತ್ತಾರೆ. ಪಠ್ಯದಲ್ಲಿ ಕಾಂಪೋಸಿಟ್ ಎಂಬ ಹೆಸರು ಓದುವ ಮೊದಲೇ ನಮ್ಮ ಜಿಲ್ಲೆಯ ಕೈಗಳಿಗೆ ಅದು ಗೊತ್ತಿತ್ತು. ಚಾಚಾಗೆ ಹೇಳಿದರೆ, “ಹೌದಾ? ಅವರು ತಿನ್ನೂ ಹುಣಸಿಯಿಂದ ಮಾಡತಾರ, ನಂದು ವಾಸನಿ” ಎಂದು ನಕ್ಕರು.

24 ಗಂಟೆ ಬಿಟ್ಟು, ಎತ್ತರ ನಿಂತ ಜಾಗಗಳನ್ನು ಪಾಲಿಶ್ ಕಾಗದದಿಂದ ಉಜ್ಜಿ ಸಂದಿ ಮೊದಲಿನಷ್ಟೇ ಇರುವಂತೆ ಮಾಡಿದೆವು. ಅದೇ ಮೇಜು, ಅದೇ 2 ಕೆ.ಜಿ. ತೂಕ. ಈ ಸಲ ತುದಿ ಜಗ್ಗಿದ್ದು 0.5 ಮಿ.ಮೀ. ಸುಮಾರು ಏಳು ಪಟ್ಟು ಬಿಗಿ. ಸ್ಟಾಕಿನ ತೂಕ 190 ಗ್ರಾಂ ಹೆಚ್ಚಿತು, ಮುಂಭಾಗ ಸ್ವಲ್ಪ ಭಾರ ಅನಿಸುತ್ತದೆ. ಒಲಿಂಪಿಕ್ಸ್‌ನಲ್ಲಿ ಈ ಆಟದ ರೈಫಲ್ 5.5 ಕೆ.ಜಿ. ಮೀರಬಾರದೆಂಬ ನಿಯಮವಿದೆ, ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ, ಆದ್ದರಿಂದ ಚಿಂತೆಯಿರಲಿಲ್ಲ. ಚೀಲದ ಮೇಲಿಟ್ಟು ಗೆಳತಿ ಮೈಭಾರ ಹಾಕಿ ಒತ್ತಿದಾಗಲೂ ಪೋಸ್ಟ್ ಕಾರ್ಡಿನ ಪಟ್ಟಿ ಹಿಂದೆ ಮುಂದೆ ಸರಿದಾಡಿತು.

ಮತ್ತೆ ಒಂಬತ್ತು ಮಂದಿಯೂ ಗುರಿ ಹಾಕಿದೆವು. ಗೆಳತಿ ಚೀಲವನ್ನು ಎಂದಿನ ಜಾಗದಲ್ಲೇ, ತುದಿಗೇ ಇಟ್ಟುಕೊಂಡಳು. ಅವಳ ಹಿಡಿತದಲ್ಲಿ ಏನೂ ಬದಲಾಯಿಸಬಾರದೆಂದು ಸುಬೇದಾರ್ ಸರ್ ಹೇಳಿದ್ದರು, ಬದಲಾಯಿಸಿದರೆ ಯಾವುದರಿಂದ ಸುಧಾರಿಸಿತು ಎಂದು ತಿಳಿಯುವುದಿಲ್ಲ. 20 ಗುಂಡಿನ ಕಾಗದವನ್ನು ತಂದು ಮೇಜಿನ ಮೇಲಿಟ್ಟರು. ಎತ್ತರ 10 ಮಿ.ಮೀ., ಅಗಲ 9 ಮಿ.ಮೀ. ಕಂಬ ಮಾಯವಾಗಿತ್ತು. ಗುಂಡಗಿನ ಗುಂಪು, ನಡುವಿನ ಚುಕ್ಕೆಯ ಸುತ್ತ. ಯಾರೂ ಏನೂ ಅನ್ನಲಿಲ್ಲ. ಸುಬೇದಾರ್ ಸರ್ ಆ ಕಾಗದವನ್ನು ಎತ್ತಿ ಎಲ್ಲರಿಗೂ ತೋರಿಸಿ, “ಈ ಹುಡುಗಿಯ ಕೈ ನಡುಗುತ್ತದೆ ಅಂದವರು ಯಾರು?” ಎಂದು ಕೇಳಿದರು. ಮಾತು ಹಬ್ಬಿಸಿದವರು ಶೆಡ್ಡಿನ ತಗಡು ಎಣಿಸುತ್ತಿದ್ದರು.

ಹೊಸ ಪಟ್ಟಿಯಲ್ಲಿ ಅವಳು ಮೊದಲನೆಯವಳು. ನಾನು ಐದನೆಯವಳು.

ಐದನೆಯ ಸ್ಥಾನದ ಬಗ್ಗೆ ನಿಜ ಹೇಳಬೇಕೆಂದರೆ ಬೇಸರವಾಯಿತು. ಸ್ಪರ್ಧೆಯ ದಿನ ಬೆಳಿಗ್ಗೆ ಆ ನಾಲ್ವರು ಬಸ್ಸು ಹತ್ತಿದಾಗ ನಾನು ತರಗತಿಯಲ್ಲಿ ಗಣಿತ ಬಿಡಿಸುತ್ತಿದ್ದೆ, ಮನಸ್ಸು ಅಲ್ಲಿರಲಿಲ್ಲ. ಆದರೆ ಮೊದಲಿನ ನಾಲ್ಕನೆಯ ಸ್ಥಾನ ನನ್ನದಾಗಿರಲಿಲ್ಲ, ಅದು ಒಂದು ಬಳುಕುವ ಪ್ಲಾಸ್ಟಿಕ್ ನನಗೆ ಜಾಸ್ತಿ ತೂಗಿಕೊಟ್ಟದ್ದು. ಈ ಐದು ನನ್ನದೇ. ಮುಂದಿನ ವರ್ಷ ನಾನು ಕಾಲೇಜಿನಲ್ಲಿ ಇರುವುದಿಲ್ಲ, ಆದರೂ ಇರುವಷ್ಟು ಶನಿವಾರ ಅಭ್ಯಾಸ ಬಿಡುವುದಿಲ್ಲ. ಗೆಳತಿಯ ಮನೆಯಲ್ಲಿ ಈಗ ಬಂದೂಕಿನ ಬಗ್ಗೆ ಮಾತು ನಿಂತಿದೆ. ನೀಟ್ ಬಗ್ಗೆ ಮಾತು ನಿಂತಿಲ್ಲ, ಅದು ನಿಲ್ಲುವುದೂ ಇಲ್ಲ.

ಅಭಿನವ್ ಬಿಂದ್ರಾ ತಮ್ಮ ಆತ್ಮಕಥೆಯಲ್ಲಿ ಬೀಜಿಂಗಿನ ಫೈನಲ್‌ಗೆ ಸ್ವಲ್ಪ ಮುಂಚಿನ ಸಂಗತಿ ಹೇಳಿದ್ದಾರೆ. ಅಭ್ಯಾಸದ ಗುಂಡುಗಳು ಎಲ್ಲೋ ಹೋಗತೊಡಗಿದವು. ಅವರು ತಮ್ಮ ಕೈಯನ್ನು ಅನುಮಾನಿಸಲಿಲ್ಲ. ರೈಫಲಿನ ಗುರಿಯಂತ್ರ ಕದಲಿದೆ ಎಂದು ಅರಿತು, ಇದ್ದ ಕೆಲವೇ ನಿಮಿಷದಲ್ಲಿ ಸರಿಪಡಿಸಿಕೊಂಡರು. ಆ ದಿನದ ಕೊನೆಯ ಗುಂಡಿಗೆ 10.8 ಅಂಕ, ಒಟ್ಟು 700.5, ಚಿನ್ನ. ಅವರಿಗೆ ವರ್ಷಗಳ ಅನುಭವವಿತ್ತು, ಹಾಗಾಗಿ ಯಾವುದು ಕೈಯದು ಯಾವುದು ಯಂತ್ರದ್ದು ಎಂದು ತಿಳಿಯಿತು. ಹದಿನೇಳು ವರ್ಷದವರಿಗೆ ಆ ಧೈರ್ಯ ಇರುವುದಿಲ್ಲ. ನಾಲ್ಕು ಮಂದಿ ‘ನಿನ್ನದೇ ದೋಷ’ ಎಂದರೆ ನಂಬಿಬಿಡುತ್ತೇವೆ.

ಆದ್ದರಿಂದ ಕಿರಿಯರಿಗೆ ನಾನು ಹೇಳುವುದು ಇಷ್ಟು. ಪ್ರಯೋಗಾಲಯದಲ್ಲಿ ಉತ್ತರ ತಪ್ಪಿ ಬಂದರೆ ಮೊದಲು ವರ್ನಿಯರಿನ ಶೂನ್ಯ ದೋಷ ನೋಡಿ ಎಂದು ಸರ್ ಹೇಳುತ್ತಾರಲ್ಲ, ಅದನ್ನು ಪ್ರಯೋಗಾಲಯದ ಹೊರಗೂ ಮಾಡಿ. ಗೆಳೆಯನೊಬ್ಬ ಹಿಂದೆ ಬಿದ್ದರೆ ಅವನು ಕೂರುವ ಬೆಂಚಿನಿಂದ ಹಲಗೆ ಕಾಣುತ್ತದೆಯೇ ನೋಡಿ. ತಪ್ಪುಗಳು ಚೆಲ್ಲಾಪಿಲ್ಲಿಯಾಗಿವೆಯೇ, ಒಂದೇ ದಿಕ್ಕಿಗೆ ಸಾಲಾಗಿವೆಯೇ ನೋಡಿ. ಸಾಲಾಗಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಕಾರಣ ಸಿಕ್ಕರೆ ಬಹಳ ಸಲ ದುರಸ್ತಿಯೂ ಸಿಗುತ್ತದೆ. ನಮಗೆ ಆದ ಖರ್ಚು ಒಂದು ಡಬ್ಬಿ ರೆಸಿನ್, ಎರಡು ತುಂಡು ಪೈಪು.

ನಮ್ಮ ಅಳತೆಗಳನ್ನು ಬರೆದ ವಹಿ ಭೌತಶಾಸ್ತ್ರ ಪ್ರಯೋಗಾಲಯದಲ್ಲಿದೆ, ಸರ್‌ಗೆ ಕೇಳಿದರೆ ಕೊಡುತ್ತಾರೆ. ಗುರಿ ಹಾಕುವುದನ್ನು ಕಲಿಯಬೇಕೆನ್ನುವ ಪ್ರಥಮ ಪಿಯುಸಿಯವರು, ಹುಡುಗರೂ ಹುಡುಗಿಯರೂ, ಮನೆಯಲ್ಲಿ ಕೇಳಿಕೊಂಡು ಶನಿವಾರ ಮಧ್ಯಾಹ್ನ ಶೆಡ್ಡಿಗೆ ಬನ್ನಿ. ಸುಬೇದಾರ್ ಸರ್ ಮೊದಲ ದಿನ ರೈಫಲ್ ಮುಟ್ಟಗೊಡುವುದಿಲ್ಲ; ಮೊದಲು ಸ್ಕ್ರೂ ಬಿಗಿ ಇದೆಯೇ, ಪಟ್ಟಿ ಸರಿಯುತ್ತದೆಯೇ ಎಂದು ನೋಡುವುದನ್ನೇ ಕಲಿಸುತ್ತಾರೆ.